ವೇದಿಕೆಯಲ್ಲಿ ಹೇಳಿದ್ದೆಲ್ಲ ವಿಜ್ಞಾನವಲ್ಲ

ತಾಳವಾಡಿ ಬೆಟ್ಟದ ಸೀಮೆ ಆಡಳಿತದ ಲೆಕ್ಕಕ್ಕೆ ಈರೋಡು ಜಿಲ್ಲೆ. ಆದರೆ ಈರೋಡಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಚಾಮರಾಜನಗರ ಮಗ್ಗುಲಲ್ಲೇ ಇದೆ, ಅದರಾಚೆ ಮೈಸೂರು. ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲಕ್ಕೂ ನಾವು ಹತ್ತುವುದು ಆ ಕಡೆಯ ಬಸ್ಸನ್ನೇ. ಹಾಗಾಗಿ 2016ರ ಜನವರಿ 3ರಿಂದ 7ರವರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಡೆದ 103ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ ನಮಗೆ ದೂರದ ಸುದ್ದಿಯಾಗಿರಲಿಲ್ಲ. ಅಲ್ಲಿ ಐಎಎಸ್ ಅಧಿಕಾರಿಯೊಬ್ಬರು ಗೋಷ್ಠಿಯಲ್ಲೇ ಶಂಖ ಊದಿ, ಅದರಿಂದ ಆರೋಗ್ಯಕ್ಕೆ ಏನೇನು ಲಾಭ ಎಂದು ವಿವರಿಸಿದರು. ಶಿವನೇ ಜಗತ್ತಿನ ಅತಿ ದೊಡ್ಡ ಪರಿಸರವಾದಿ ಎಂಬ ಪ್ರಬಂಧ ಪರಿಸರ ವಿಜ್ಞಾನದ ವಿಭಾಗದ ಪಟ್ಟಿಯಲ್ಲಿತ್ತು. ಅದನ್ನು ಮಂಡಿಸಬೇಕಾದವರು ಬರಲಿಲ್ಲ.

ಇಂಥ ಮಾತುಗಳು ಸಭಾಂಗಣದಲ್ಲೇ ಉಳಿಯುವುದಿಲ್ಲ. ಶಿಕ್ಷಕರ ಕೊಠಡಿಗೆ, ಟೀ ಅಂಗಡಿಗೆ, ರೈತರ ತರಬೇತಿ ಸಭೆಗೆ ಬರುತ್ತವೆ. ಬರುವಷ್ಟರಲ್ಲಿ ವಿಜ್ಞಾನಿಗಳೇ ಒಪ್ಪಿದ್ದಾರಂತೆ ಎಂಬ ಮುದ್ರೆ ಬಿದ್ದಿರುತ್ತದೆ. ಇವುಗಳಲ್ಲಿ ಹಲವನ್ನು ನಾವೂ ನಂಬಿ ನಾಲ್ಕು ಜನಕ್ಕೆ ಹೇಳಿದವರೇ. ಅದಕ್ಕೇ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ವಿಜ್ಞಾನ ಸಮ್ಮೇಳನದಲ್ಲಿ ಮಂಡನೆಯಾಯಿತು ಎಂದರೆ ವಿಜ್ಞಾನ ಲೋಕ ಅದನ್ನು ಒಪ್ಪಿದೆ.

ವಾಸ್ತವ: ಸಮ್ಮೇಳನದ ವೇದಿಕೆ ಮಾತಾಡಲು ಅವಕಾಶ ಕೊಡುತ್ತದೆ, ಅಷ್ಟೆ. ಒಂದು ಸಂಗತಿ ವಿಜ್ಞಾನವಾಗಿ ನಿಲ್ಲಬೇಕಾದರೆ ಅದರ ದತ್ತಾಂಶ ಹೊರಬರಬೇಕು, ಸಂಬಂಧವಿಲ್ಲದ ಪರಿಣತರು ಅದನ್ನು ತಿಕ್ಕಿ ನೋಡಬೇಕು, ಇನ್ನೊಂದು ಊರಿನ ಇನ್ನೊಬ್ಬರು ಮಾಡಿದಾಗಲೂ ಅದೇ ಫಲಿತಾಂಶ ಬರಬೇಕು. ಮೈಕ್ ಮುಂದೆ ನಿಂತವರಿಗೆ ಇದ್ಯಾವ ಪರೀಕ್ಷೆಯೂ ಇರುವುದಿಲ್ಲ.

ವಿಜ್ಞಾನ ಕಾಂಗ್ರೆಸ್ಸಿನ ಹುಟ್ಟು ಗೌರವದ್ದೇ. 1914ರಲ್ಲಿ ಕಲ್ಕತ್ತದಲ್ಲಿ ಅಶುತೋಷ್ ಮುಖರ್ಜಿ ಅವರ ಅಧ್ಯಕ್ಷತೆಯಲ್ಲಿ ಮೊದಲ ಅಧಿವೇಶನ ನಡೆಯಿತು. ಆ ಗೌರವವನ್ನೇ ಮುಂದೆ ಸಾಲವಾಗಿ ಎತ್ತಿಕೊಳ್ಳಲಾಯಿತು. 2015ರಲ್ಲಿ ಮುಂಬೈಯಲ್ಲಿ ಪ್ರಾಚೀನ ವಿಮಾನ ತಂತ್ರಜ್ಞಾನದ ಪ್ರಬಂಧ ಬಂತು. 2019ರ ಜನವರಿಯಲ್ಲಿ ಜಲಂಧರದಲ್ಲಿ ಆಂಧ್ರ ವಿಶ್ವವಿದ್ಯಾಲಯದ ಅಂದಿನ ಕುಲಪತಿ ಜಿ. ನಾಗೇಶ್ವರ ರಾವ್ ಅವರು ಕೌರವರು ಪ್ರನಾಳ ಶಿಶುಗಳೆಂದೂ, ರಾವಣನ ಬಳಿ 24 ಬಗೆಯ ವಿಮಾನಗಳಿದ್ದವೆಂದೂ, ಡಾರ್ವಿನ್ನನ ಸಿದ್ಧಾಂತಕ್ಕಿಂತ ದಶಾವತಾರವೇ ಮೇಲೆಂದೂ ಹೇಳಿದರು. ನೊಬೆಲ್ ಪುರಸ್ಕೃತ ವೆಂಕಟರಾಮನ್ ರಾಮಕೃಷ್ಣನ್ 2016ರಲ್ಲೇ ಈ ಸಮ್ಮೇಳನವನ್ನು ಸರ್ಕಸ್ಸಿಗೆ ಹೋಲಿಸಿ, ಇನ್ನೆಂದೂ ಬರುವುದಿಲ್ಲ ಎಂದಿದ್ದರು. ಜಲಂಧರದ ಭಾಷಣವನ್ನು ಕೇಂದ್ರ ಸರ್ಕಾರದ ಅಂದಿನ ಪ್ರಧಾನ ವೈಜ್ಞಾನಿಕ ಸಲಹೆಗಾರ ಕೆ. ವಿಜಯರಾಘವನ್ ಬಹಿರಂಗವಾಗಿ ಟೀಕಿಸಿದರು. ಮುಂದೆ ಭಾಷಣಗಳನ್ನು ಮೊದಲೇ ಪರಿಶೀಲಿಸುತ್ತೇವೆ ಎಂದು ಸಂಘಟಕರೇ ಹೇಳಬೇಕಾಯಿತು. ಟೀಕೆ ಬಂದದ್ದು ವಿಜ್ಞಾನದ ಒಳಗಿನಿಂದಲೇ. ಟೀ ಅಂಗಡಿಗೆ ತಲುಪದೆ ಹೋದದ್ದು ಆ ಭಾಗ.

ತಪ್ಪು ಕಲ್ಪನೆ: ಸಾವಿರಾರು ವರ್ಷ ಹಿಂದೆ ಭರದ್ವಾಜ ಮಹರ್ಷಿ ಬರೆದ ವೈಮಾನಿಕ ಶಾಸ್ತ್ರದಲ್ಲಿ ಹಾರುವ ವಿಮಾನಗಳ ಪೂರ್ತಿ ವಿವರ ಇದೆ, ಅದನ್ನು ಯಾರೂ ಪರೀಕ್ಷಿಸಿಯೇ ಇಲ್ಲ.

ವಾಸ್ತವ: ಪರೀಕ್ಷಿಸಿದ್ದಾರೆ. ಅದೂ ನಮ್ಮವರೇ, ಬೆಂಗಳೂರಿನಲ್ಲೇ, ಅರ್ಧ ಶತಮಾನದ ಹಿಂದೆಯೇ. ಮುಂಬೈ ಪ್ರಬಂಧದ ಆಧಾರ ಈ ಪುಸ್ತಕವೇ ಆಗಿದ್ದರಿಂದ ಇದನ್ನು ತುಸು ವಿವರವಾಗಿ ಹೇಳಬೇಕು.

ಪುಸ್ತಕದ ಬೇರು ನಮ್ಮ ಗಡಿ ಸೀಮೆಯಲ್ಲೇ ಇದೆ. ಹೊಸೂರು ತಾಲ್ಲೂಕಿನಲ್ಲಿ ಹುಟ್ಟಿ ಆನೇಕಲ್ಲಿನಲ್ಲಿ ನೆಲೆಸಿದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇದರ ಶ್ಲೋಕಗಳನ್ನು 20ನೇ ಶತಮಾನದ ಆರಂಭದ ದಶಕಗಳಲ್ಲಿ ಬಾಯಲ್ಲಿ ಹೇಳಿದರು, ವೆಂಕಟಾಚಲ ಶರ್ಮರು ಬರೆದುಕೊಂಡರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಎಲ್ಲಪ್ಪ ಚಿತ್ರ ಬರೆದುಕೊಟ್ಟರು. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಪುಸ್ತಕ ಲೋಕಪ್ರಸಿದ್ಧವಾದದ್ದು ಅಲ್ಲಿಂದ.

ಮರುವರ್ಷ, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇದರ ಅಧ್ಯಯನ ಪ್ರಕಟಿಸಿದರು: ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು. ಓದದೆ ತಳ್ಳಿಹಾಕಿದವರಲ್ಲ ಇವರು. ಪುಸ್ತಕ ಎಲ್ಲಿಂದ ಬಂತು ಎಂದು ಜಾಡು ಹಿಡಿದರು. ಸಂಸ್ಕೃತದ ಶೈಲಿ ನೋಡಿದರು; ಅದು ವೇದಕಾಲದ್ದಲ್ಲ, ಹೊಸಗಾಲದ ಸರಳ ಸಂಸ್ಕೃತ. ಪುಸ್ತಕ 1904ಕ್ಕಿಂತ ಹಿಂದಿನದಾಗಿರಲಾರದು ಎಂಬ ತೀರ್ಮಾನಕ್ಕೆ ಬಂದರು. ಆಮೇಲೆ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಅಳತೆ, ತೂಕ, ರೆಕ್ಕೆ, ಮುನ್ನೂಕುವ ವ್ಯವಸ್ಥೆ ಎಲ್ಲವನ್ನೂ ಹಾರಾಟದ ನಿಯಮಗಳಿಗೆ ಒಡ್ಡಿ ನೋಡಿದರು. ಯಾವುದೂ ಹಾರದು. ಹೇಳಿರುವ ಯಂತ್ರವ್ಯವಸ್ಥೆ ಹಾರಾಟಕ್ಕೆ ನೆರವಾಗುವ ಬದಲು ತಡೆಯೊಡ್ಡುತ್ತದೆ.

ಇವರೆಲ್ಲ ಪರಂಪರೆಯ ದ್ವೇಷಿಗಳು ಎನ್ನುವವರಿಗೆ ಒಂದು ಮಾತು. ಐವರಲ್ಲಿ ಒಬ್ಬರಾದ ನಾಗೇಂದ್ರ ಅವರೇ ಮುಂದೆ ಯೋಗಕ್ಕೆ ಜೀವನ ಮುಡಿಪಿಟ್ಟು ಜಿಗಣಿಯಲ್ಲಿ ಯೋಗ ವಿಶ್ವವಿದ್ಯಾಲಯ ಕಟ್ಟಿದರು, 2016ರಲ್ಲಿ ಪದ್ಮಶ್ರೀ ಪಡೆದರು. ಯೋಗದ ಮೇಲೆ ಅಷ್ಟು ನಂಬಿಕೆ ಇದ್ದವರೂ ಹಾರದ ವಿಮಾನವನ್ನು ಹಾರುತ್ತದೆ ಎನ್ನಲಿಲ್ಲ. ಇಷ್ಟೆಲ್ಲ ಆಗಿ 41 ವರ್ಷಗಳ ಮೇಲೆ ಅದೇ ಪುಸ್ತಕ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆ ಹತ್ತಿತಲ್ಲ, ನಮಗೆ ಬೇಸರವಾಗುವುದು ಅದಕ್ಕೆ.

ತಪ್ಪು ಕಲ್ಪನೆ: ಮೀನು, ಆಮೆ, ಹಂದಿ, ನರಸಿಂಹ, ವಾಮನ ಎಂಬ ಅವತಾರಗಳ ಸಾಲು ಜೀವವಿಕಾಸವೇ, ಡಾರ್ವಿನ್ ಹೇಳಿದ್ದನ್ನು ನಮ್ಮವರು ಮೊದಲೇ ಹೇಳಿದ್ದರು.

ವಾಸ್ತವ: ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ. ಅವತಾರಗಳನ್ನು ಅದರ ಪಕ್ಕ ಇಟ್ಟು ನೋಡುವ ರೂಢಿ ಶುರುವಾದದ್ದು ಅದರ ನಂತರ. ಥಿಯಾಸಫಿಯ ಮೇಡಂ ಬ್ಲಾವಟ್ಸ್ಕಿ 1877ರ ತಮ್ಮ ಗ್ರಂಥದಲ್ಲಿ ಹಾಗೆ ಬರೆದಿದ್ದಾರೆ. ಹಿಂದಿನಿಂದ ಬಂದ ಪುರಾಣ ಪ್ರವಚನದಲ್ಲಿ ಅವತಾರ ಎತ್ತುವುದು ಧರ್ಮರಕ್ಷಣೆಗೆ, ಜೀವಜಾತಿಗಳ ಹುಟ್ಟು ತಿಳಿಸುವುದಕ್ಕಲ್ಲ. ಹೋಲಿಕೆಯೂ ಗಟ್ಟಿಯಲ್ಲ. ಆಮೆ ನೆಲಕ್ಕೂ ನೀರಿಗೂ ಸಲ್ಲುತ್ತದೆ ಎಂದು ಅದನ್ನು ಕಪ್ಪೆಯ ಜಾಗದಲ್ಲಿ ಕೂರಿಸುತ್ತಾರೆ, ಆದರೆ ಆಮೆ ಸರೀಸೃಪ. ಸಿಂಹ ಮನುಷ್ಯನ ಪೂರ್ವಜ ಅಲ್ಲ. ವಿಕಾಸ ಏಣಿಯ ಮೆಟ್ಟಿಲಿನಂತೆ ನೇರ ಮೇಲೇರದು, ಕವಲೊಡೆಯುತ್ತಾ ಹೋಗುತ್ತದೆ. ನರಸಿಂಹನ ಕಥೆಗೆ ಅದರದೇ ಬಲವಿದೆ. ಅದಕ್ಕೆ ಜೀವಶಾಸ್ತ್ರದ ಪ್ರಮಾಣಪತ್ರ ಬೇಕಿಲ್ಲ.

ತಪ್ಪು ಕಲ್ಪನೆ: ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನ ಹೇಳುವ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಎರಡೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಪುರಾಣದ ಕಾಲಗಣನೆ ವೈಜ್ಞಾನಿಕವಾಗಿ ಸಾಬೀತಾಗಿದೆ.

ವಾಸ್ತವ: ಈ ಹೋಲಿಕೆ ಎಷ್ಟೋ ಓದಿದವರನ್ನೂ ಹಿಡಿದು ನಿಲ್ಲಿಸುತ್ತದೆ. ನಮ್ಮನ್ನೂ ನಿಲ್ಲಿಸಿತ್ತು. ಆದರೆ ಲೆಕ್ಕ ಪೂರ್ತಿ ಮಾಡಿದರೆ ಅದು ಕೂಡಿಬರುವುದಿಲ್ಲ.

ಮನೆಯ ಪೂಜೆಯ ಸಂಕಲ್ಪದಲ್ಲಿ ಪುರೋಹಿತರು ಈಗ ನಡೆಯುತ್ತಿರುವುದು ಶ್ವೇತವರಾಹ ಕಲ್ಪ, ಅದರಲ್ಲಿ ಏಳನೆಯದಾದ ವೈವಸ್ವತ ಮನ್ವಂತರ, ಅದರಲ್ಲಿ 28ನೇ ಕಲಿಯುಗ ಎಂದು ಹೇಳುತ್ತಾರೆ. ಅಂದರೆ 432 ಕೋಟಿ ಎಂಬುದು ಕಲ್ಪದ ಒಟ್ಟು ಅವಧಿ, ಕಳೆದುಹೋದ ಕಾಲವಲ್ಲ. ಆರು ಮನ್ವಂತರ, ಅವುಗಳ ಸಂಧಿಕಾಲ, ಏಳನೆಯದರ 27 ಮಹಾಯುಗ, 28ನೆಯದರ ಮೂರು ಯುಗ, ಕಲಿಯ ಐದು ಸಾವಿರ ಚಿಲ್ಲರೆ ವರ್ಷ, ಎಲ್ಲ ಕೂಡಿಸಿದರೆ ಕಲ್ಪ ಶುರುವಾಗಿ ಸುಮಾರು 197 ಕೋಟಿ ವರ್ಷ ಆಗುತ್ತದೆ. ಭೂಮಿಯ ಅಳೆದ ವಯಸ್ಸಿನ ಅರ್ಧಕ್ಕೂ ಕಡಿಮೆ.

ಈಗ ಕಾಲ ಕೆಳಗಿನ ಕಲ್ಲು ನೋಡೋಣ. ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿ ರಸ್ತೆ ಕಡಿದ ಕಡೆ ಕಾಣುವ, ಜಿಡ್ಡು ಸವರಿದಂತೆ ಮಿನುಗುವ ಕಪ್ಪುಹಸಿರು ಬಂಡೆಯ ಹೆಸರು ಚಾರ್ನೊಕೈಟ್. ಇದಕ್ಕೆ ಸುಮಾರು 250 ಕೋಟಿ ವರ್ಷ, ಕೆಲವು ಕಡೆ ಇನ್ನೂ ಹೆಚ್ಚು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ. ಪಂಚಾಂಗದ ಕಲ್ಪ ಶುರುವಾಗುವುದಕ್ಕೂ ಮೊದಲೇ ಈ ಬಂಡೆಗಳು ಇಲ್ಲಿದ್ದವು.

ವಯಸ್ಸು ಹೇಗೆ ಗೊತ್ತಾಯಿತು? ಬಂಡೆಯೊಳಗೆ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳುಗಟ್ಟುವಾಗ ಅವು ಯುರೇನಿಯಂ ಸೇರಿಸಿಕೊಳ್ಳುತ್ತವೆ, ಸೀಸವನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಆ ಯುರೇನಿಯಂ ನಿಧಾನವಾಗಿ ಕ್ಷಯಿಸಿ ಸೀಸವಾಗುತ್ತದೆ. ಯುರೇನಿಯಂ-238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರ. ಎರಡೂ ಒಂದೇ ವಯಸ್ಸು ತೋರಿದಾಗ ಅನುಮಾನಕ್ಕೆ ಜಾಗ ಕಡಿಮೆ. ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಗೆ 455 ಕೋಟಿ ವರ್ಷ ಎಂದದ್ದು ಇದೇ ದಾರಿಯಿಂದ.

ಈ ಬಂಡೆಯ ಮುಂದೆ ಎಲ್ಲ ಮತಗಳಿಗೂ ಒಂದೇ ಅಳತೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲ್ಲಿನ ವಂಶಾವಳಿ ಎಣಿಸಿ ಸೃಷ್ಟಿ ನಡೆದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದರು. ಭೂಮಿಗೆ ಆರು ಸಾವಿರ ವರ್ಷ ಎಂದು ಇಂದೂ ವಾದಿಸುವವರ ಲೆಕ್ಕಕ್ಕೆ ಮೂಲ ಇಂಥ ಎಣಿಕೆಯೇ. ನಮ್ಮ ಹಿರಿಯರು ಕೋಟಿಗಳಲ್ಲಿ ಕಾಲವನ್ನು ಯೋಚಿಸಿದರು ಎಂಬುದು ನಿಜ, ಆ ಕಲ್ಪನೆಯ ಹರವು ದೊಡ್ಡದು ಎಂಬುದೂ ನಿಜ. ಆದರೆ ಅದು ಅಳತೆಯಿಂದ ಬಂದದ್ದಲ್ಲ.

ತಪ್ಪು ಕಲ್ಪನೆ: ಕೋತಿ ಮನುಷ್ಯನಾಗುವುದನ್ನು ಯಾರೂ ಕಂಡಿಲ್ಲ, ಕೋತಿಯಿಂದ ಮನುಷ್ಯ ಬಂದಿದ್ದರೆ ಈಗಲೂ ಕೋತಿಗಳು ಯಾಕಿವೆ?

ವಾಸ್ತವ: 2018ರ ಜನವರಿಯಲ್ಲಿ ಅಂದಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಔರಂಗಾಬಾದಿನ ವೈದಿಕ ಸಮ್ಮೇಳನದಲ್ಲಿ, ಕೋತಿ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಪಠ್ಯದಿಂದ ಡಾರ್ವಿನ್ನನನ್ನು ತೆಗೆಯಬೇಕು ಎಂದಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟು ಅದನ್ನು ಅಲ್ಲಗಳೆದವು.

ದಿಂಬಂ ತಿರುವುಗಳಲ್ಲಿ ಕೂರುವ ಕೋತಿ ನಮ್ಮ ಪೂರ್ವಜ ಎಂದು ಜೀವವಿಜ್ಞಾನ ಹೇಳಿಯೇ ಇಲ್ಲ. ನಮ್ಮ ದಾಯಾದಿಗಳು ಚಾಮರಾಜನಗರದಲ್ಲೂ ಇದ್ದಾರೆ, ನಾವು ತಾಳವಾಡಿಯಲ್ಲೂ ಇದ್ದೇವೆ, ಮುತ್ತಜ್ಜ ಒಬ್ಬನೇ. ಹಾಗೆಯೇ ಚಿಂಪಾಂಜಿಗೂ ನಮಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜ, ಕೋತಿಗಳ ಕವಲು ಅದಕ್ಕೂ ಬಹಳ ಹಿಂದೆ ಬೇರೆಯಾದದ್ದು. ಚಿಂಪಾಂಜಿಗೆ 48 ವರ್ಣತಂತುಗಳು, ನಮಗೆ 46. ಎರಡು ಎಲ್ಲಿ ಹೋದವು? ನಮ್ಮ 2ನೇ ವರ್ಣತಂತುವಿನ ನಡುವೆ, ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಗುರುತು ತುದಿಗೆ ತುದಿ ತಾಗಿದ ಸ್ಥಿತಿಯಲ್ಲಿ 1991ರಲ್ಲಿ ಸಿಕ್ಕಿತು. ಎರಡು ವರ್ಣತಂತುಗಳು ಬೆಸೆದುಕೊಂಡ ಜಾಗ ಅದು.

ಇನ್ನು ಯಾರೂ ಕಂಡಿಲ್ಲ ಎಂಬ ಮಾತು. ತಾಳವಾಡಿಯಲ್ಲಿ ಎಲೆಕೋಸು ಬೆಳೆಯುವ ರೈತರನ್ನು ಕೇಳಿ. ಎಲೆಯನ್ನು ಜರಡಿ ಮಾಡುವ ಸಣ್ಣ ಹಸಿರು ಹುಳ, ಡೈಮಂಡ್‌ಬ್ಯಾಕ್ ಪತಂಗದ ಮರಿ, ಮೊದಲು ಸಾಯುತ್ತಿದ್ದ ಔಷಧಿಗೆ ಈಗ ಸಾಯುವುದಿಲ್ಲ. ಲಕ್ಷಾಂತರ ಹುಳಗಳಲ್ಲಿ ಒಂದೆರಡಕ್ಕೆ ಹುಟ್ಟಿನಿಂದಲೇ ಆ ವಿಷ ತಾಳುವ ಗುಣ ಇರುತ್ತದೆ. ಸಿಂಪಡಿಸಿದಾಗ ಉಳಿದವು ಸಾಯುತ್ತವೆ, ಇವು ಮೊಟ್ಟೆ ಇಡುತ್ತವೆ. ಮೂರು ವಾರಕ್ಕೊಂದು ತಲೆಮಾರು. ಕೆಲವು ಹಂಗಾಮು ಕಳೆಯುವಷ್ಟರಲ್ಲಿ ಹೊಲದ ತುಂಬ ಅವುಗಳದೇ ಸಂತಾನ. ಡಿಡಿಟಿಗೆ ಬಗ್ಗದ ಈ ಹುಳ 1953ರಲ್ಲಿ ಜಾವಾದಲ್ಲಿ ದಾಖಲಾಯಿತು, 1990ರ ಹೊತ್ತಿಗೆ ಹವಾಯಿಯಲ್ಲಿ ಬಿಟಿ ಎಂಬ ಜೈವಿಕ ಕೀಟನಾಶಕಕ್ಕೂ ಜಗ್ಗದಾಯಿತು. ಡಾರ್ವಿನ್ ಹೇಳಿದ ಆಯ್ಕೆ ಇದೇ. ಒಂದೇ ಔಷಧಿ ಪದೇ ಪದೇ ಹೊಡೆಯಬೇಡಿ ಎಂಬ ಕೃಷಿ ಅಧಿಕಾರಿಯ ಸಲಹೆ ನಿಂತಿರುವುದೂ ಇದರ ಮೇಲೆಯೇ. ಇದನ್ನು ಸುಳ್ಳು ಎನ್ನುವವರು ರೈತನಿಗೆ ಬೇರೆ ಯಾವ ಸಲಹೆ ಕೊಟ್ಟಾರು?

ತಪ್ಪು ಕಲ್ಪನೆ: ಇಂಥ ಗಲಾಟೆ ಭಾರತದಲ್ಲಿ ಮಾತ್ರ, ಅಥವಾ ಒಂದು ಮತದವರಲ್ಲಿ ಮಾತ್ರ.

ವಾಸ್ತವ: ಎರಡೂ ಅಲ್ಲ. ಕ್ರೈಸ್ತ ಸೃಷ್ಟಿವಾದಿಗಳು ಅಮೆರಿಕದ ಶಾಲೆ, ಸಮ್ಮೇಳನಗಳಲ್ಲಿ ದಶಕಗಳಿಂದ ಪ್ರಯತ್ನಿಸುತ್ತಿದ್ದಾರೆ. ತುರ್ಕಿಯ ಹಾರೂನ್ ಯಾಹ್ಯಾ ವಿಕಾಸವಾದದ ವಿರುದ್ಧ ಬರೆದ ಭಾರಿ ಗಾತ್ರದ ಚಿತ್ರಸಂಪುಟ ದೇಶದೇಶಗಳ ವಿಜ್ಞಾನಿಗಳಿಗೂ ಶಾಲೆಗಳಿಗೂ ಕೇಳದೆಯೇ ಅಂಚೆಯಲ್ಲಿ ಬಂದು ಬಿದ್ದಿತ್ತು. ತುರ್ಕಿ 2017ರಲ್ಲಿ ಪ್ರೌಢಶಾಲಾ ಪಠ್ಯದಿಂದ ವಿಕಾಸವನ್ನು ಕೈಬಿಡುವುದಾಗಿ ಪ್ರಕಟಿಸಿತು.

ತಪ್ಪು ಕಲ್ಪನೆ: ವಿಕಾಸವಾದ ಒಪ್ಪಿದವರು ದೇವರನ್ನು ಬಿಡಬೇಕು.

ವಾಸ್ತವ: 20ನೇ ಶತಮಾನದ ವಿಕಾಸ ವಿಜ್ಞಾನವನ್ನು ಕಟ್ಟಿದವರಲ್ಲಿ ಪ್ರಮುಖರಾದ ಥಿಯೊಡೋಸಿಯಸ್ ಡೊಬ್ಜಾನ್ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರಾಗಿದ್ದರು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸವಾದ ಬರಿಯ ಊಹೆಯಲ್ಲ ಎಂದು ಒಪ್ಪಿದರು. ನಂಬುವವರು, ನಂಬದವರು ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ.

ನಂಬಿಕೆಗೆ ಅದರ ಜಾಗ, ವಿಜ್ಞಾನಕ್ಕೆ ಅದರ ಜಾಗ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ತಾಳವಾಡಿಯ ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೇ ಗೊರೆ ಹಬ್ಬ. ಬೀರೇಶ್ವರನ ಸನ್ನಿಧಿಯಲ್ಲಿ ಸಗಣಿ ರಾಶಿ ಹಾಕಿ ಒಬ್ಬರಿಗೊಬ್ಬರು ಎರಚಿಕೊಳ್ಳುತ್ತಾರೆ, ನೋಡಲು ಎರಡೂ ರಾಜ್ಯಗಳಿಂದ ಜನ ಬರುತ್ತಾರೆ. ಆ ಹಬ್ಬದ ಸಂಭ್ರಮವನ್ನು ಯಾರೂ ಪ್ರಶ್ನಿಸಬೇಕಿಲ್ಲ, ನಾವಂತೂ ಪ್ರಶ್ನಿಸುವುದಿಲ್ಲ. ಸಗಣಿ ಮೈಗೆ ಬಿದ್ದರೆ ರೋಗ ವಾಸಿಯಾಗುತ್ತದೆ ಎಂಬ ಮಾತು ಬೇರೆ. ಅದನ್ನು ವೈದ್ಯರ ಸಮ್ಮೇಳನದಲ್ಲಿ ಹೇಳುವುದಾದರೆ ಎಷ್ಟು ಜನರಿಗೆ, ಯಾವ ರೋಗ, ಹಚ್ಚದವರಿಗೆ ಏನಾಯಿತು ಎಂಬ ಲೆಕ್ಕ ಇಡಬೇಕು. ಗಾಯವಿದ್ದ ಮೈಗೆ ಸಗಣಿ ತಾಗಿದರೆ ಧನುರ್ವಾಯುವಿನ ಅಪಾಯ ಇದೆ ಎಂಬುದಕ್ಕೆ ಲೆಕ್ಕ ಈಗಾಗಲೇ ಇದೆ.

ತಪ್ಪು ಕಲ್ಪನೆ: ವೃತ್ತಿ ಸಮ್ಮೇಳನದಲ್ಲಿ ಮತದ ಮಾತು ಬೇಡ ಎನ್ನುವುದು ಸಂವಿಧಾನ ಕೊಟ್ಟ ಹಕ್ಕಿಗೆ ಅಡ್ಡಿ; ಎರಡೂ ಕಡೆಯ ವಾದ ಕೇಳಬೇಕು.

ವಾಸ್ತವ: ಸಂವಿಧಾನದ 25ನೇ ವಿಧಿ ಮತವನ್ನು ಅನುಸರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಅದೇ ವಿಧಿ ಎಲ್ಲರಿಗೂ ಸಮಾನ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಕೊಟ್ಟಿದೆ. 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಎಂದರೆ ತನ್ನ ಮತದ ತತ್ತ್ವವನ್ನು ತಿಳಿಸುವ ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಮತಬೋಧನೆ ಕೂಡದೆಂದು 28ನೇ ವಿಧಿ ಹೇಳುತ್ತದೆ.

ಕಾನೂನಿಗಿಂತ ಮೊದಲು ನಮಗೆ ಕಾಣುವುದು ಸಭೆಯ ಸ್ಥಿತಿ. ಊಟದ ವಿರಾಮದಲ್ಲಿ ಕರಪತ್ರ ಕೈಗೆ ಬರುತ್ತದೆ. ಹಿರಿಯರೊಬ್ಬರು ಕಿರಿಯರನ್ನು ಸಂಜೆಯ ಪ್ರಾರ್ಥನೆಗೋ ಗುರುಗಳ ಸತ್ಸಂಗಕ್ಕೋ ಕರೆಯುತ್ತಾರೆ. ಯಾವ ಮತದ್ದಾದರೂ ಅಷ್ಟೆ, ಬಡ್ತಿ, ಶಿಫಾರಸು, ಸಂಶೋಧನೆಗೆ ಸಹಿ ಯಾರ ಕೈಯಲ್ಲಿದೆಯೋ ಅವರು ಕರೆದಾಗ ಒಲ್ಲೆ ಎನ್ನುವುದು ಸುಲಭವಲ್ಲ. ಬೀದಿಯಲ್ಲಿ ಕೇಳಲೊಲ್ಲದವನು ನಡೆದುಹೋಗಬಹುದು. ಕಚೇರಿಯ ಆದೇಶದ ಮೇಲೆ ಬಂದು ಸಭಾಂಗಣದಲ್ಲಿ ಕುಳಿತವನು ಎಲ್ಲಿ ಹೋಗಬೇಕು?

ಇನ್ನೊಂದು ಕಡೆಯ ವಾದಕ್ಕೆ ಕಿವಿಗೊಟ್ಟಿಲ್ಲ ಎಂಬುದೂ ನಿಜವಲ್ಲ. 1994ರ ಡಿಸೆಂಬರಿನಲ್ಲಿ ದೆಹಲಿಯ ವಿಶ್ವ ಪುರಾತತ್ವ ಕಾಂಗ್ರೆಸ್ಸಿನಲ್ಲಿ ಇಸ್ಕಾನಿನ ಮೈಕೆಲ್ ಕ್ರೆಮೊ ಪುರಾಣಗಳ ಕಾಲಗಣನೆ ಮತ್ತು ಪುರಾತತ್ವದ ಬಗ್ಗೆ ಪ್ರಬಂಧ ಓದಿದರು. ಮನುಷ್ಯ ಕೋಟ್ಯಂತರ ವರ್ಷಗಳಿಂದ ಇದ್ದಾನೆ ಎಂಬುದು ಅವರ ವಾದ. ಯಾರೂ ಬಾಯಿ ಮುಚ್ಚಿಸಲಿಲ್ಲ. ಆದರೆ ಅವರು ತೋರುವ ವಸ್ತುಗಳ ಕಾಲನಿರ್ಣಯ ನಿಲ್ಲದ್ದರಿಂದ ಪುರಾತತ್ವಜ್ಞರು ಒಪ್ಪಲಿಲ್ಲ. ಶಾಲಾ ಪಾಠದ ಬಗ್ಗೆ ಅಮೆರಿಕದಲ್ಲಿ ನಡೆದ ಡೋವರ್ ಪ್ರಕರಣದಲ್ಲಿ 2005ರಲ್ಲಿ ನ್ಯಾಯಾಲಯ ವಾರಗಟ್ಟಲೆ ಎರಡೂ ಕಡೆ ಕೇಳಿತು. ಸೃಷ್ಟಿಯ ಹಿಂದೆ ಬುದ್ಧಿವಂತ ವಿನ್ಯಾಸಕ ಇದ್ದಾನೆ ಎಂಬ ಪಕ್ಷದ ಮುಖ್ಯ ಸಾಕ್ಷಿ ಮೈಕೆಲ್ ಬೆಹೆ, ತಮ್ಮ ವ್ಯಾಖ್ಯಾನದ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತವಾಗುತ್ತದೆ ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. ಬುದ್ಧಿವಂತ ವಿನ್ಯಾಸಕನ ವಾದ ವಿಜ್ಞಾನವಲ್ಲ ಎಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳಲ್ಲಿ ತೀರ್ಪು ಬರೆದರು.

ತಪ್ಪು ಕಲ್ಪನೆ: ಇದನ್ನೆಲ್ಲ ವಿರೋಧಿಸುವವರಿಗೆ ನಮ್ಮ ಪ್ರಾಚೀನರ ಜ್ಞಾನದ ಮೇಲೆ ಗೌರವವಿಲ್ಲ.

ವಾಸ್ತವ: ಸುಳ್ಳು ಹೇಳಿಕೆಯಿಂದ ಮೊದಲು ಪೆಟ್ಟು ತಿನ್ನುವುದೇ ನಿಜವಾದ ಪ್ರಾಚೀನ ಜ್ಞಾನ. ಟಿಪ್ಪು ಮತ್ತು ಇಂಗ್ಲಿಷರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸಾಜಿ ಎಂಬಾತ ಸೆರೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ದೇಶೀ ಕುಶಲಿ ಹಣೆಯ ಚರ್ಮ ತಿರುಗಿಸಿ ಕೂರಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಮೇತ ಈ ವಿವರ ಬಂತು; ಅದನ್ನು ಓದಿ ಅಭ್ಯಾಸ ಮಾಡಿದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಶಸ್ತ್ರಕ್ರಿಯೆ ಮಾಡಿದರು. ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೂ ಇದೆ. ಇದು ಕಣ್ಣಾರೆ ಕಂಡು ಬರೆದಿಟ್ಟ ಸಾಧನೆ. ಇದನ್ನು ಹೇಳುವ ವೇದಿಕೆಯಲ್ಲೇ ರಾವಣನ ವಿಮಾನಗಳ ಮಾತೂ ಬಂದರೆ, ಹೊರಗಿನವರು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಆ ಅನಾಮಿಕ ಕುಶಲಿಗೆ ನಾವು ಮಾಡುವ ಅನ್ಯಾಯ ಅದು.

ತಪ್ಪು ಕಲ್ಪನೆ: ದೊಡ್ಡವರ ಸಮ್ಮೇಳನದ ಜಗಳಕ್ಕೂ ಬೆಟ್ಟದ ಮೇಲಿನ ನಮ್ಮ ಊರಿಗೂ ಸಂಬಂಧವಿಲ್ಲ.

ವಾಸ್ತವ: ಜಲಂಧರದ ಆ ಭಾಷಣ ನಡೆದದ್ದು ಮಕ್ಕಳ ವಿಜ್ಞಾನ ಗೋಷ್ಠಿಯಲ್ಲಿ. ಕೇಳಿದವರು ಶಾಲಾ ಮಕ್ಕಳು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕ ವಿಕಾಸದ ಪಾಠವಿಲ್ಲದೆ ಬಂತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. 12ನೇ ತರಗತಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರಿಗೆ ಆ ಪಾಠ ಇದೆ, ತೆಗೆದುಕೊಳ್ಳದವರಿಗೆ ಇಲ್ಲ. ತಮಿಳುನಾಡಿನ 10ನೇ ತರಗತಿ ವಿಜ್ಞಾನದಲ್ಲಿ ಜೀವದ ಉಗಮ ಮತ್ತು ವಿಕಾಸದ ಅಧ್ಯಾಯ ಇದೆ. ಅದನ್ನು ಮೇಷ್ಟ್ರು ಪಾಠ ಮಾಡುತ್ತಾರೋ, ದೊಡ್ಡ ಸಮ್ಮೇಳನದಲ್ಲೇ ಸುಳ್ಳು ಅಂದರಂತೆ ಎಂದು ಪುಟ ಮಗುಚುತ್ತಾರೋ ಎಂಬುದು ನಮ್ಮ ಊರಿನ ವಿಷಯವೇ.

ವಿಜ್ಞಾನ ಕಾಂಗ್ರೆಸ್ಸಿನ ಗೋಷ್ಠಿಯಲ್ಲದೆ, 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಎಂಬುದು ಬೇರೆಯೇ ಇದೆ. ಅದು ಜಿಲ್ಲಾ ಮಟ್ಟದಿಂದ ಶುರುವಾಗುತ್ತದೆ, ತಮಿಳುನಾಡಿನಲ್ಲಿ ಅದರ ಹೊಣೆಯನ್ನು ತಮಿಳುನಾಡು ವಿಜ್ಞಾನ ವೇದಿಕೆ ಹೊತ್ತಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಪ್ರಶ್ನೆ ಹಿಡಿದು ಅಧ್ಯಯನ ಮಾಡಿ, ಮಾಡಿದ್ದನ್ನೆಲ್ಲ ದಿನಚರಿ ಪುಸ್ತಕದಲ್ಲಿ ಬರೆದಿಡಬೇಕು. ಎಲೆಕೋಸಿನ ಹುಳಕ್ಕೆ ಯಾವ ಔಷಧಿ ಯಾವ ಹೊಲದಲ್ಲಿ ಎಷ್ಟು ನಾಟುತ್ತದೆ ಎಂದು ಇಲ್ಲಿನ ಮಕ್ಕಳು ಎಣಿಸಿಕೊಂಡು ಹೋದರೆ, ಅಲ್ಲಿ ಕುಳಿತವರು ಮೊದಲು ಕೇಳುವುದು ಆ ದಿನಚರಿಯನ್ನೇ.